ಟ್ರೇಲರ್ ಎಳೆಯುವವರಿಗೆ ಯಾವ ಮ್ಯಾಪ್? ಧೋಂಡಿಯಾ ವಾಘನಿಂದ ಗೂಗಲ್‌ವರೆಗೆ ಎರಿ ಸೀಮೆಯ ದಾರಿ

ಹಿಂದಿನ ಕಂತು ಕೇಳಿದ ಮೇಲೆ ರೋಣದ ಕಡೆಯಿಂದ ಒಂದು ಪ್ರಶ್ನೆ ಬಂತು. ಟ್ರ್ಯಾಕ್ಟರ್‌ಗೆ ಟ್ರೇಲರ್ ಕಟ್ಟಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೊರಟರೆ ಮೊಬೈಲ್‌ನಲ್ಲಿ ಯಾವ ಮ್ಯಾಪ್ ಹಾಕ್ಕೊಳ್ಳೋದು ಛಲೋ ಅಂತ. ಎರಡು ಸಾಲಿನಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಹುಡುಕ್ತಾ ಹೋದಂತೆ ಇದು ಆ್ಯಪ್‌ನ ಪ್ರಶ್ನೆ ಅನ್ನೋದಕ್ಕಿಂತ ಇತಿಹಾಸದ ಪ್ರಶ್ನೆ ಅನ್ನಿಸ್ತು. ಹಿಂದೆ ಭಾರ ಕಟ್ಟಿಕೊಂಡು ಈ ನೆಲದ ಮೇಲೆ ಹೋಗೋರು ಇವತ್ತು ನಿನ್ನೆಯವರಲ್ಲ. ಅವರಿಗೆ ದಾರಿ ಯಾರು ತೋರಿಸ್ತಿದ್ದರು? ಇವತ್ತು ಅದನ್ನೇ ಮಾತಾಡೋಣ.

ಅಮೆರಿಕ, ಯುರೋಪಿನ ಕಡೆ ಕಾರಿನ ಹಿಂದೆ ಒಂದು ಪುಟ್ಟ ಮನೆ ಕಟ್ಟಿಕೊಂಡು ಊರೂರು ಸುತ್ತೋರಿದ್ದಾರೆ. ಒಳಗೆ ಮಂಚ, ಒಲೆ, ನೀರಿನ ತೊಟ್ಟಿ ಎಲ್ಲಾ ಇರುತ್ತೆ. ಅವರಿಗಂತಲೇ ಗಾರ್ಮಿನ್‌ನಂಥ ಕಂಪನಿಗಳು ಬೇರೆ ಜಿಪಿಎಸ್ ಡಬ್ಬಿ ಮಾಡಿ ಮಾರ್ತವೆ. ಗಾಡಿಯ ಉದ್ದ, ಅಗಲ, ಎತ್ತರ, ತೂಕ ಮೊದಲೇ ತುಂಬಿಸಬೇಕು. ಆಮೇಲೆ ಅದು ತಗ್ಗು ಸೇತುವೆ, ಇಕ್ಕಟ್ಟಿನ ಓಣಿ ತಪ್ಪಿಸಿ ದಾರಿ ಹೇಳುತ್ತೆ.

ನಮ್ಮ ಕಡೆ? ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತು ಅಂದ್ರೆ ರೋಣ, ನರಗುಂದ, ಗಜೇಂದ್ರಗಡದ ರಸ್ತೆಗಳಲ್ಲಿ ನಿಂತು ನೋಡಿ. ಟ್ರೇಲರ್ ಮೇಲೆ ಬಿದಿರು ಬಗ್ಗಿಸಿ ತಾಡಪತ್ರಿ ಹೊದಿಸಿರ್ತಾರೆ. ಕೆಳಗೆ ಮೇವು, ಅದರ ಮೇಲೆ ಜಮಖಾನೆ. ಮೂಲೆಯಲ್ಲಿ ಕಟಿರೊಟ್ಟಿ ಗಂಟು, ಶೇಂಗಾ ಚಟ್ನಿ, ಸ್ಟೋವ್, ನೀರಿನ ಕೊಡ. ಅಜ್ಜಿಯಿಂದ ಮೊಮ್ಮಗನವರೆಗೂ ಮನೆಯೇ ಹೊರಟಿರುತ್ತೆ. ಇದೇ ನಮ್ಮ ಟ್ರಾವೆಲ್ ಟ್ರೇಲರ್. ಜನರನ್ನ ಹೀಗೆ ಕೂರಿಸಿಕೊಂಡು ಹೋಗೋದು ಕಾನೂನಿನಲ್ಲಿ ತಪ್ಪು, ಅದರ ವಿಚಾರಕ್ಕೆ ಬರ್ತೀನಿ.

ಮೊದಲು ನೆಲದ ಕಥೆ. ನರಗುಂದ, ರೋಣ ಅಂದ್ರೆ ಎರಿ ಭೂಮಿ. ಬೇಸಿಗೆಯಲ್ಲಿ ಬಾಯಿ ಬಿಡುತ್ತೆ, ಮಳೆ ಬಂದರೆ ಊದಿಕೊಂಡು ಅಂಟಾಗುತ್ತೆ. ಚಪ್ಪಲಿ ಹಾಕ್ಕೊಂಡು ಹತ್ತು ಹೆಜ್ಜೆ ನಡೆದರೆ ಕಾಲಿಗೆ ಎರಡು ಕಿಲೋ ಮಣ್ಣು. ಗಜೇಂದ್ರಗಡದ ಕಡೆ ಹೋದಂತೆ ಗುಡ್ಡ, ಕಲ್ಲು, ಮಸಾರಿ ಶುರುವಾಗುತ್ತೆ. ಅಲ್ಲಿ ಕೆಸರಿನ ಕಾಟಕ್ಕಿಂತ ಏರು-ಇಳಿವಿನ ಕಾಟ. ಒಂದು ದಿನದ ಪ್ರಯಾಣದೊಳಗೆ ಎರಡು ಥರದ ನೆಲ. ಹಾಗಾಗಿ ಇಲ್ಲಿ 'ಹತ್ತಿರದ ದಾರಿ ಯಾವುದು' ಅಂತ ಯಾರೂ ಮೊದಲು ಕೇಳ್ತಿರಲಿಲ್ಲ. 'ಯಾವ ದಾರಿ ಗಾಡಿ ತಾಳುತ್ತೆ' ಅಂತ ಕೇಳ್ತಿದ್ದರು.

ಎಷ್ಟೋ ಕಾಲ ಗಾಲಿಗಳನ್ನೇ ನೆಚ್ಚದೆ ಎತ್ತಿನ ಬೆನ್ನ ಮೇಲೆ ಹೇರು ಹಾಕ್ತಿದ್ದದ್ದೂ ಇದಕ್ಕೇ. ಆ ಕೆಲಸದಲ್ಲಿ ಲಂಬಾಣಿಗರದ್ದು ದೊಡ್ಡ ಹೆಸರು. ಉಪ್ಪು, ದವಸ ತುಂಬಿದ ಗೋಣಿಗಳನ್ನ ಸಾವಿರಾರು ಎತ್ತುಗಳ ಮೇಲೆ ಹೇರಿಕೊಂಡು ಕರಾವಳಿಯಿಂದ ಬಯಲುಸೀಮೆಗೆ ಓಡಾಡ್ತಿದ್ದರು. ಮೊಘಲರು, ಮರಾಠರು, ಮೈಸೂರಿನವರು, ಇಂಗ್ಲಿಷರು, ಯಾರ ಸೈನ್ಯವೇ ಆಗಲಿ ಊಟಕ್ಕೆ ಇವರನ್ನೇ ನಂಬಬೇಕಿತ್ತು. ನೀರು ಎಲ್ಲಿ, ಮೇವು ಎಲ್ಲಿ, ಯಾವ ಹಳ್ಳ ಯಾವ ತಿಂಗಳು ದಾಟಬಹುದು ಅನ್ನೋದು ತಾಂಡಾದ ನಾಯಕನ ತಲೆಯಲ್ಲಿ ಇರ್ತಿತ್ತು. ಗಜೇಂದ್ರಗಡದ ಸುತ್ತ ಇವತ್ತೂ ತಾಂಡಾಗಳಿವೆ. ಅವುಗಳ ಹಿರಿಯರು ಒಂದು ಕಾಲದ ಲಾಜಿಸ್ಟಿಕ್ಸ್ ಕಂಪನಿ ನಡೆಸಿದವರು ಅಂತ ಶಾಲೆಯಲ್ಲಿ ನಮಗೆ ಯಾರೂ ಹೇಳಲಿಲ್ಲ.

ಆದರೆ ಒಂದು ವಸ್ತುವನ್ನ ಎತ್ತಿನ ಬೆನ್ನಿಗೆ ಹಾಕೋಕೆ ಆಗಲ್ಲ. ತೋಪು. ಅದನ್ನ ಎಳೆಯಲೇಬೇಕು. ಟ್ರೇಲರ್ ಸಮಸ್ಯೆ ನಿಜವಾಗಿ ಶುರುವಾಗೋದು ಇಲ್ಲಿಂದ. ಈ ಮೂರೂ ಊರು ತೋಪಿನ ಶಬ್ದ ಚೆನ್ನಾಗಿ ಕೇಳಿವೆ. 1785ರಲ್ಲಿ ಟಿಪ್ಪು ಸುಲ್ತಾನನ ಪಡೆ ನರಗುಂದದ ಕೋಟೆಗೆ ಮುತ್ತಿಗೆ ಹಾಕಿತು. ಆಮೇಲೆ ನಡೆದ ಮರಾಠ–ಮೈಸೂರು ಯುದ್ಧ ಮುಗಿದದ್ದು 1787ರ ಗಜೇಂದ್ರಗಡ ಒಪ್ಪಂದದಿಂದ. (1858ರ ನರಗುಂದದ ಬಾಬಾಸಾಹೇಬರ ಬಂಡಾಯ ಬೇರೆಯೇ ಒಂದು ಕಂತು ಬೇಡುತ್ತೆ, ಇವತ್ತು ಬಿಡೋಣ.) ಮೈಸೂರಿನವರ ಹತ್ತಿರ ಒಂದು ಗುಟ್ಟಿತ್ತು, ಅಮೃತಮಹಲ್ ಎತ್ತುಗಳು. ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ದಾಟಿ ಚಿದಂಬರಂ ತಲುಪಿದ್ದು ಈ ಎತ್ತುಗಳ ಬಲದಿಂದ ಅಂತ ಹೇಳ್ತಾರೆ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಎಂಜಿನ್ ಚೆನ್ನಾಗಿತ್ತು.

ಈಗ 1800ನೇ ಇಸವಿಗೆ ಬನ್ನಿ. ಧೋಂಡಿಯಾ ವಾಘ್, ಚನ್ನಗಿರಿ ಕಡೆಯವನು. ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದು, ತನ್ನನ್ನು ತಾನೇ ಎರಡು ಲೋಕಗಳ ಒಡೆಯ ಅಂತ ಕರೆದುಕೊಂಡ. ಪ್ರೊಫೈಲ್ ಬಯೋ ಅಂದ್ರೆ ಹೀಗಿರಬೇಕು. ಇವನನ್ನ ಹಿಡಿಯೋಕೆ ಹೊರಟವನು 31 ವರ್ಷದ ಆರ್ಥರ್ ವೆಲ್ಲೆಸ್ಲಿ, ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನ ಸೋಲಿಸಿದವನು. ಬೆನ್ನಟ್ಟಿದ ಕಾಲ ಯಾವುದು ಗೊತ್ತಾ? ನಡು ಮಳೆಗಾಲ. ಜುಲೈ 26ಕ್ಕೆ ಡಂಬಳ ಹಿಡಿದ, ಗದಗ ದಾಟಿದ, ಜುಲೈ 30ಕ್ಕೆ ಮಲಪ್ರಭೆಯ ದಂಡೆಯ ಮುನವಳ್ಳಿಯಲ್ಲಿ ಧೋಂಡಿಯಾನ ಸಾಮಾನು ಸರಂಜಾಮಿನ ಮೇಲೆ ಬಿದ್ದ. ಅಂದ್ರೆ ಇವತ್ತು ನಮ್ಮ ಟ್ರ್ಯಾಕ್ಟರ್‌ಗಳು ಜಾತ್ರೆಗೆ ಹೋಗೋ ಸೀಮೆಯೇ ಅದು.

ಇಲ್ಲಿ ನನಗೆ ಕುತೂಹಲ ಹುಟ್ಟಿಸೋದು ಗೆಲುವಲ್ಲ, ಆಮೇಲಿನ ನಿಲುಗಡೆ. ಧೋಂಡಿಯಾ ತಪ್ಪಿಸಿಕೊಂಡ, ನದಿ ತುಂಬಿತ್ತು. ಕುದುರೆ ಸವಾರ ಹೇಗೋ ದಾಟ್ತಾನೆ. ತೋಪು, ಮದ್ದುಗುಂಡು, ಅಕ್ಕಿ ಮೂಟೆ ದಾಟೋಕೆ ದೋಣಿ ಬೇಕು. ದೋಣಿ ಹೊಂದಿಸೋವರೆಗೆ ಕಾಯಬೇಕಾಯ್ತು. ಧೋಂಡಿಯಾ ಕೊನೆಗೆ ಸತ್ತಿದ್ದು ಸೆಪ್ಟೆಂಬರ್ 10ಕ್ಕೆ, ಕೃಷ್ಣಾ–ತುಂಗಭದ್ರೆಯ ನಡುವಿನ ಸೀಮೆಯ ಕೋಣಗಲ್‌ನಲ್ಲಿ. ದಾರಿ ಎಲ್ಲಿದೆ ಅಂತ ವೆಲ್ಲೆಸ್ಲಿಗೆ ಗೊತ್ತಿಲ್ಲ ಅಂತಲ್ಲ, ಅದಕ್ಕೆ ಹರಿಕಾರರಿದ್ದರು. ಸುದ್ದಿ ತರೋರು, ದಾರಿ ತೋರಿಸೋರು ಇಬ್ಬರೂ ಅವರೇ. ಆದರೆ ದಾರಿ ಗೊತ್ತಿರೋದೇ ಬೇರೆ, ಹಿಂದಿನ ಭಾರ ಆ ದಾರಿಯಲ್ಲಿ ಬರುತ್ತಾ ಅನ್ನೋದೇ ಬೇರೆ.

ಅದೇ ವೆಲ್ಲೆಸ್ಲಿಯ ರೆಜಿಮೆಂಟ್‌ನಲ್ಲಿ ವಿಲಿಯಂ ಲ್ಯಾಂಬ್ಟನ್ ಅಂತ ಒಬ್ಬನಿದ್ದ. 1799ರಲ್ಲಿ ಶ್ರೀರಂಗಪಟ್ಟಣದ ಹತ್ತಿರ ಒಂದು ರಾತ್ರಿ ಜನರಲ್ ಬೇರ್ಡ್‌ನ ಪಡೆ ನಡೀತಿತ್ತು. ಲ್ಯಾಂಬ್ಟನ್ ಆಕಾಶ ನೋಡಿದ. ದಕ್ಷಿಣಕ್ಕೆ ಹೋಗಬೇಕಾದವರು ಉತ್ತರಕ್ಕೆ, ನೇರ ಟಿಪ್ಪುವಿನ ಪಾಳೆಯದ ಕಡೆಗೆ ಹೊರಟಿದ್ದಾರೆ ಅಂತ ನಕ್ಷತ್ರ ನೋಡಿಯೇ ಹೇಳಿದ. ಬೇರ್ಡ್ ನಂಬಲಿಲ್ಲ. ಆಮೇಲೆ ದಿಕ್ಸೂಚಿ ತೆಗೆದು ನೋಡಿದರೆ ಲ್ಯಾಂಬ್ಟನ್ ಹೇಳಿದ್ದೇ ಸರಿ. 1802ರಲ್ಲಿ ಮದ್ರಾಸಿನಿಂದ ಅವನು ಶುರು ಮಾಡಿದ ಮೋಜಣಿಯೇ ಮುಂದೆ ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆ ಆಯ್ತು. ಅವನ ದೊಡ್ಡ ಥಿಯೋಡೊಲೈಟ್ ಯಂತ್ರ ಸುಮಾರು ಅರ್ಧ ಟನ್ ತೂಕ. ದೇಶದ ನಕ್ಷೆ ಮಾಡೋ ಯಂತ್ರವನ್ನೇ ಗುಡ್ಡ ಹತ್ತಿಸೋಕೆ ಒದ್ದಾಡಬೇಕಿತ್ತು.

ಆ ಮೋಜಣಿ ನಮಗೆ ಕೊಟ್ಟಿದ್ದು 'ಎಲ್ಲಿ' ಅನ್ನೋ ಉತ್ತರ. ಗುಡ್ಡ ಎಲ್ಲಿ, ಊರು ಎಲ್ಲಿ, ಹಳ್ಳ ಎಲ್ಲಿ. ಗಾಲಿಗೆ ತಕ್ಕ ರಸ್ತೆ ಕೊಟ್ಟಿದ್ದು ಅರಳೆ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಲಂಕಾಶೈರ್‌ನ ಗಿರಣಿಗಳಿಗೆ ಅರಳೆ ಬರೋದು ನಿಂತಿತು. ಧಾರವಾಡ ಸೀಮೆಯ ಅರಳೆಗೆ ಒಮ್ಮೆಲೇ ಬಂಗಾರದ ಬೆಲೆ. ಇಲ್ಲಿಂದ ಘಟ್ಟ ಇಳಿದು ಕುಮಟಾ ಬಂದರಿಗೆ ಚಕ್ಕಡಿಗಳು ಸಾಲುಗಟ್ಟಿದವು. ತಮಾಷೆ ನೋಡಿ, ಕುಮಟಾದಲ್ಲಿ ಅರಳೆ ಬೆಳೆಯಲ್ಲ, ಆದರೆ ಮಾರುಕಟ್ಟೆಯಲ್ಲಿ ನಮ್ಮ ಎರಿ ಅರಳೆಯ ಹೆಸರೇ 'ಕುಮಟಾ' ಆಯ್ತು. ಚಕ್ಕಡಿ ಸಾಲಿನಲ್ಲಿ ಮುಂದಿನವನೇ ಮ್ಯಾಪ್. ಹಿಂದಿನವರ ಎತ್ತುಗಳು ಅವನ ಗಾಲಿ ಜಾಡು ಹಿಡಿದು ಬರ್ತವೆ. 1880ರ ದಶಕದಲ್ಲಿ ಗದಗ–ಹೊಟಗಿ ರೈಲು ಬಂದ ಮೇಲೆ ಆ ಉದ್ದದ ಪ್ರಯಾಣ ಕಮ್ಮಿ ಆಯ್ತು. ರೋಣ ತಾಲ್ಲೂಕಿನ ಹೊಳೆಆಲೂರಿನಲ್ಲಿ ರೈಲು ನಿಲ್ತು. ಚಕ್ಕಡಿಗೆ ಸ್ಟೇಷನ್‌ವರೆಗಿನ ಕೆಲಸ ಉಳೀತು, ಜಾತ್ರೆ ಉಳೀತು.

ಚಕ್ಕಡಿಗೆ ಒಂದು ಅನುಕೂಲ ಇತ್ತು, ಅದನ್ನ ನಾವು ಮರೀತೀವಿ. ಸಿಕ್ಕಿಕೊಂಡರೆ ಎತ್ತು ಬಿಚ್ಚಬಹುದು, ನಾಲ್ಕು ಜನ ಸೇರಿ ಬಂಡಿ ತಿರುಗಿಸಬಹುದು. ಟ್ರ್ಯಾಕ್ಟರ್-ಟ್ರೇಲರ್‌ನಲ್ಲಿ ಇದೇ ಇಲ್ಲ. ಟ್ರೇಲರ್ ಹಿಂದಕ್ಕೆ ತಗೊಂಡವರಿಗೆ ಗೊತ್ತು, ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೋಗುತ್ತೆ. ಮುಂದಿನ ಗಾಲಿಗಳೂ ತಿರುಗೋ ನಾಲ್ಕು ಗಾಲಿ ಟ್ರೇಲರ್ ಆದರೆ ಇನ್ನೂ ಕಷ್ಟ. ಕಬ್ಬಿನ ಡಬಲ್ ಟ್ರೇಲರ್ ಅಂತೂ ಕೇಳಲೇಬೇಡಿ. ಹಾಗಾಗಿ ತಪ್ಪು ತಿರುವು ಕಾರಿನವನಿಗೆ ಐದು ನಿಮಿಷದ ನಷ್ಟ, ಟ್ರೇಲರ್‌ನವನಿಗೆ ಅರ್ಧ ದಿನ.

ಈಗ ಫೋನಿಗೆ ಬರೋಣ. ಜಿಪಿಎಸ್ ಅಮೆರಿಕದ ಮಿಲಿಟರಿಯದು. 2000ದ ಮೇ ತಿಂಗಳವರೆಗೆ ಸಾಮಾನ್ಯ ಜನರಿಗೆ ಬೇಕಂತಲೇ ತಪ್ಪು ಬೆರೆಸಿದ ಸಿಗ್ನಲ್ ಕೊಡ್ತಿದ್ದರು. ಅದನ್ನ ನಿಲ್ಲಿಸಿದ ಮೇಲೆ ನಿಖರತೆ ಬಂತು. ನಮ್ಮ ಇಸ್ರೋ 2013ರ ಜುಲೈ 1ರಂದು ತನ್ನ ಮೊದಲ ದಿಕ್ಸೂಚಿ ಉಪಗ್ರಹ ಹಾರಿಸಿತು. 2016ರಲ್ಲಿ ಆ ವ್ಯವಸ್ಥೆಗೆ ನಾವಿಕ್ ಅಂತ ಹೆಸರಿಟ್ಟರು. ಇಲ್ಲಿ ಬಹಳ ಜನ ಗೊಂದಲ ಮಾಡ್ಕೋತಾರೆ. ಜಿಪಿಎಸ್ ಆಗಲಿ, ನಾವಿಕ್ ಆಗಲಿ, ಉಪಗ್ರಹ ಹೇಳೋದು ನೀವು ಎಲ್ಲಿದ್ದೀರಿ ಅಂತ ಅಷ್ಟೇ. ಮುಂದಿನ ಹಾದಿ ಎರಿಯೋ ಡಾಂಬರೋ, ಅಗಲ ಎಷ್ಟು, ಇದನ್ನ ಹೇಳಬೇಕಾದ್ದು ನಕ್ಷೆ. ಆ ನಕ್ಷೆಯಲ್ಲಿ ಯಾರಾದರೂ ಅದನ್ನ ಬರೆದಿರಬೇಕು. ಲ್ಯಾಂಬ್ಟನ್‌ನ ಕಾಲದ ಕೊರತೆ ಇನ್ನೂ ಪೂರ್ತಿ ತುಂಬಿಲ್ಲ.

ಗೂಗಲ್ ಮ್ಯಾಪ್ಸ್ 2017ರಲ್ಲಿ ಬೈಕಿನವರಿಗೆ ಬೇರೆ ದಾರಿ ತೋರಿಸೋದನ್ನ ಭಾರತದಲ್ಲೇ ಮೊದಲು ಶುರು ಮಾಡಿತು. 2024ರ ಜುಲೈನಲ್ಲಿ ಕಾರಿನವರಿಗೆ ಇಕ್ಕಟ್ಟಿನ ರಸ್ತೆ ತಪ್ಪಿಸೋ ಸೌಲಭ್ಯ ತಂತು. ಮೊದಲು ಕೊಟ್ಟಿದ್ದು ಬೆಂಗಳೂರು ಸೇರಿ ಎಂಟು ನಗರಗಳಿಗೆ. ರೋಣ ಅದರಲ್ಲಿಲ್ಲ ಅಂತ ಹೇಳಬೇಕಾಗಿಲ್ಲ ತಾನೆ? ಟ್ರೇಲರ್ ಅನ್ನೋ ಆಯ್ಕೆ ಅಲ್ಲಿಲ್ಲ. ಕಾರು ಅಂತ ಹಾಕಿದರೆ ಅದು ನಿಮ್ಮನ್ನ ಕಾರು ಅಂತಲೇ ನಂಬುತ್ತೆ. ಮಲಪ್ರಭಾ ಬಲದಂಡೆ ಕಾಲುವೆಯ ಏರಿ ದಾರಿಯೂ ಅದಕ್ಕೆ ರಸ್ತೆಯೇ ಆಗಬಹುದು. ಕಾಲುವೆ ಏರಿ ಮೇಲೆ ಟ್ರೇಲರ್ ತಿರುಗಿಸೋಕೆ ಎಲ್ಲಿ ಜಾಗ?

ಹಾಗಾದ್ರೆ ನನ್ನ ಉತ್ತರ. ಆಸ್ಮ್ಯಾಂಡ್ ಅಂತ ಒಂದು ಆ್ಯಪ್ ಇದೆ, ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆ ಬಳಸುತ್ತೆ, ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತೆ. ಅದರಲ್ಲಿ ಗಾಡಿಯ ಎತ್ತರ, ಅಗಲ, ಉದ್ದ, ತೂಕ ತುಂಬಿಸಬಹುದು. ಆದರೆ ರಸ್ತೆಯ ಅಗಲ, ಸೇತುವೆಯ ಎತ್ತರ ಯಾರಾದರೂ ಆ ನಕ್ಷೆಯಲ್ಲಿ ಸೇರಿಸಿದ್ದರೆ ಮಾತ್ರ ಅದಕ್ಕೆ ಬೆಲೆ. ಅದನ್ನ ಸೇರಿಸೋ ಹಕ್ಕು ನಿಮಗೂ ಇದೆ. ನಿಮ್ಮೂರಿನ ರೈಲ್ವೆ ಅಂಡರ್‌ಪಾಸ್ ಎಷ್ಟು ಎತ್ತರ ಅಂತ ಬೆಂಗಳೂರಿನಲ್ಲಿ ಕೂತ ನನಗಿಂತ ನಿಮಗೆ ಗೊತ್ತು. ಹೊರಡೋ ಹಿಂದಿನ ದಿನ ಗೂಗಲ್‌ನ ಸ್ಯಾಟಲೈಟ್ ಚಿತ್ರದಲ್ಲಿ ದಾರಿಯುದ್ದಕ್ಕೂ ಬೆರಳು ಆಡಿಸಿ, ತಿರುಗೋ ಜಾಗ ಎಲ್ಲೆಲ್ಲಿದೆ ನೋಡಿಟ್ಟುಕೊಳ್ಳಿ. ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಆ್ಯಪ್ ಹತ್ತು ನಿಮಿಷ ಉಳಿಯುತ್ತೆ ಅಂತ ಒಳದಾರಿ ತೋರಿಸಿದರೆ ಒಪ್ಪಬೇಡಿ.

ಮಳೆಗಾಲದಲ್ಲಿ ಮಾತ್ರ ಯಾವ ಆ್ಯಪನ್ನೂ ಒಂದೇ ನೆಚ್ಚಬೇಡಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಕೊಣ್ಣೂರಿನ ಹತ್ತಿರ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯೇ ನೀರಲ್ಲಿತ್ತು. ಬೆಣ್ಣೆಹಳ್ಳ ಮೇಲ್ಗಡೆಯ ಮಳೆಗೆ ಉಕ್ಕುತ್ತೆ, ನಿಮ್ಮ ತಲೆ ಮೇಲೆ ಬಿಸಿಲಿದ್ದರೂ. ಹಳ್ಳದ ಈಚೆ ಊರಿನ ಚಹಾದಂಗಡಿಯಲ್ಲಿ ಗಾಡಿ ನಿಲ್ಲಿಸಿ, 'ಕಾಕಾ, ಹಳ್ಳ ದಾಟ್ತೈತೇನ್ರಿ ಗಾಡಿ?' ಅಂತ ಕೇಳಿ. ಹರಿಕಾರರು ಇನ್ನೂ ಇದ್ದಾರೆ.

ಇನ್ನು ಬಾಕಿ ಇಟ್ಟ ಮಾತು. ಟ್ರೇಲರ್ ಇರೋದು ಸರಕಿಗೆ. ಅದರಲ್ಲಿ ಜನರನ್ನ ಸಾಗಿಸೋಕೆ ಮೋಟಾರು ವಾಹನ ಕಾನೂನು ಒಪ್ಪಲ್ಲ. ಅಪಘಾತ ಆದರೆ ವಿಮೆ ಹಣಕ್ಕೂ ತಕರಾರು ಬರುತ್ತೆ. ಚಕ್ಕಡಿ ಉರುಳಿದರೆ ಮೈ ಕೈ ತರಚುತ್ತಿತ್ತು. ಟ್ರೇಲರ್ ಪಲ್ಟಿ ಹೊಡೆದರೆ ಮನೆಗೆ ಮನೆಯೇ ಕೆಳಗೆ ಸಿಕ್ಕಿಕೊಳ್ಳುತ್ತೆ. 'ನಮ್ಮಜ್ಜನ ಕಾಲದಿಂದ ಹೀಗೇ ಹೋಗ್ತೀವಿ' ಅನ್ನೋದು ನನಗೆ ಅರ್ಥ ಆಗುತ್ತೆ, ಆದರೆ ಅಜ್ಜ ಹೋಗ್ತಿದ್ದದ್ದು ಎತ್ತಿನ ನಡಿಗೆಯಲ್ಲಿ. ಹಾಗಾಗಿ ಅಜ್ಜಿ, ಮಕ್ಕಳನ್ನ ಬಸ್ಸಿಗೆ ಹತ್ತಿಸಿ. ಟ್ರೇಲರ್‌ನಲ್ಲಿ ಪಾತ್ರೆ, ಸ್ಟೋವ್, ಹಾಸಿಗೆ, ರೊಟ್ಟಿ ಗಂಟು ಬರಲಿ. ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿ, ಕೊಂಡಿಯ ಪಿನ್ನಿಗೆ ಲಾಕ್ ಇದೆಯಾ ನೋಡಿ, ಹಗಲಲ್ಲೇ ಹೊರಡಿ. ಸವದತ್ತಿಯ ಜೋಗುಳಬಾವಿ ಹತ್ತಿರ ಎಲ್ಲರೂ ಸೇರ್ತೀರಲ್ಲ, ಗಾಡಿ ನಿಲ್ಲಿಸಿದ ಜಾಗದ ಲೊಕೇಶನ್ ಬಸ್ಸಿನವರಿಗೆ ವಾಟ್ಸ್ಯಾಪ್ ಮಾಡಿ. ಆ ಕೆಲಸಕ್ಕೆ ಯಾವ ಮ್ಯಾಪ್ ಆದರೂ ನಡೆಯುತ್ತೆ.