ಮಾಳಿಗೆ ಮೇಲಿನ ಆಂಟೆನಾ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗೆ ಟಿವಿ ಬಂದ ಕತೆಯನ್ನು ದೆಹಲಿಯ ಇಸವಿಗಳಿಂದ ಅಳೆಯಲಾಗದು. ಅಲ್ಲಿ ಪ್ರಯೋಗ ಪ್ರಸಾರ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು. ನಮ್ಮ ಸಮೀಪಕ್ಕೆ ಅದು ಸುಳಿದದ್ದು 1975ರಲ್ಲಿ, ಅದೂ ತುಂಗಭದ್ರೆಯ ಆಚೆ ದಡಕ್ಕೆ. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನ ‘ಸೈಟ್’ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದು ವರ್ಷ ಕಾಲ ಟಿವಿ ತೋರಿಸಿತು. ಕರ್ನಾಟಕದಲ್ಲಿ ಆಯ್ಕೆಯಾದವು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳು. ಕೊಪ್ಪಳ ಆಗ ರಾಯಚೂರಿಗೆ ಸೇರಿತ್ತು. ನಮ್ಮ ಐದೂ ಊರು ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹೊಳೆಯಾಚೆಯ ಜಿಲ್ಲೆಗೆ ತಂತಿಜಾಲರಿ ಕೊಡೆಯ ಟಿವಿ ಬಂದರೂ ಈಚೆಯ ಹಡಗಲಿಗೆ ರೇಡಿಯೊವೇ ಗತಿಯಾಯಿತು.

1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಆರಂಭವಾಯಿತು. ಆದರೆ ಟಿವಿಯ ಅಲೆ ಹೆಚ್ಚುಕಡಿಮೆ ನೇರ ದಾರಿಯಲ್ಲೇ ಹೋಗುತ್ತದೆ; ಗುಡ್ಡ ಅಡ್ಡ ಬಂದರೆ, ನೆಲ ಬಾಗಿದರೆ ಸೊರಗುತ್ತದೆ. 1984ರ ಸುಮಾರಿಗೆ ದೇಶದ ನಗರಗಳಲ್ಲಿ ಸಾಲುಸಾಲಾಗಿ ಎದ್ದ ಮರುಪ್ರಸಾರ ಕೇಂದ್ರಗಳ ಶಕ್ತಿ ಬರೀ 100 ವಾಟ್. ಚಿತ್ರ ಚೊಕ್ಕವಾಗಿ ಮೂಡುತ್ತಿದ್ದದ್ದು ಹೆಚ್ಚೆಂದರೆ ಇಪ್ಪತ್ತೈದು ಕಿಲೋಮೀಟರ್ ಒಳಗೆ. ಹರಪನಹಳ್ಳಿಯಿಂದ ದಾವಣಗೆರೆಗೆ ನೇರ ದೂರವೇ 35 ಕಿಲೋಮೀಟರ್ ಮೀರುತ್ತದೆ. ಕೂಡ್ಲಿಗಿಯಿಂದ ಬಳ್ಳಾರಿಗೆ 60ಕ್ಕೂ ಹೆಚ್ಚು, ನಡುವೆ ಕಲ್ಲುಗುಡ್ಡಗಳು ಬೇರೆ.

ಹಾಗಾಗಿ ಇಲ್ಲಿ ಟಿವಿ ಕೊಂಡವರಿಗೆ ಪೆಟ್ಟಿಗೆಯಷ್ಟೇ ಚಿಂತೆ ಆಂಟೆನಾದ್ದು. ಮಣ್ಣಿನ ಮಾಳಿಗೆಯ ಮೇಲೆ ಉದ್ದನೆಯ ಕಬ್ಬಿಣದ ಪೈಪು, ಅದರ ತುದಿಗೆ ಅಲ್ಯೂಮಿನಿಯಂ ಕಡ್ಡಿಗಳು, ಜೊತೆಗೊಂದು ಬೂಸ್ಟರ್. ಬೂಸ್ಟರ್ ಚಿತ್ರವನ್ನು ಹಿಗ್ಗಿಸಿದಂತೆ ಚುಕ್ಕಿಗಳನ್ನೂ ಹಿಗ್ಗಿಸುತ್ತಿತ್ತು. ಒಬ್ಬರು ಮೇಲೆ ಪೈಪು ತಿರುಗಿಸಬೇಕು, ಕೆಳಗಿನವರು ‘ಬಂತು, ಬಂತು… ಹೋತು!’ ಎಂದು ಕೂಗಬೇಕು. ಗಾಳಿ ಬೀಸಿದರೆ ಮತ್ತೆ ಮೊದಲಿಂದ. ಅಂಥ ಚಿತ್ರಕ್ಕಾಗಿ ಜನ ಪಟ್ಟ ಪಾಡನ್ನು ನಾನು ಸಣ್ಣದೆನ್ನಲಾರೆ.

ಪೆಟ್ಟಿಗೆಯ ಕೊರತೆಗಳೂ ಇದ್ದವು. ಚಿತ್ರ ಮೇಲಕ್ಕೆ ಉರುಳುತ್ತಿದ್ದರೆ ಹಿಂದಿನ ಗುಬುಟು ಹಿಡಿದು ನಿಲ್ಲಿಸಬೇಕಿತ್ತು. ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ ವೋಲ್ಟೇಜ್ ಇಳಿದು ಪರದೆ ಕುಗ್ಗುತ್ತಿತ್ತು. ಸ್ಟೆಬಿಲೈಸರ್ ಇಲ್ಲದೆ ಟಿವಿ ಹಚ್ಚಲು ಧೈರ್ಯವಿರಲಿಲ್ಲ. ಬಣ್ಣದ ಪ್ರಸಾರ 1982ರಲ್ಲೇ ಬಂದಿದ್ದರೂ ಕಪ್ಪು-ಬಿಳುಪು ಪರದೆಗೆ ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸಿ ತೃಪ್ತಿಪಟ್ಟ ಮನೆಗಳು ಬಹಳ.

ಇವೆಲ್ಲಕ್ಕಿಂತ ದೊಡ್ಡ ಕೊರತೆ ಭಾಷೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಮರುಪ್ರಸಾರ ಕೇಂದ್ರಗಳು ಮೊದಲ ವರ್ಷಗಳಲ್ಲಿ ಬಹುಪಾಲು ದೆಹಲಿಯ ಕಾರ್ಯಕ್ರಮವನ್ನೇ ಬಿತ್ತರಿಸುತ್ತಿದ್ದವು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಕೂಡ ನಮ್ಮ ಮನೆಗಳಿಗೆ ಹಿಂದಿಯಲ್ಲಿ ಬಂತು. 1987ರ ಜನವರಿಯಿಂದ ‘ರಾಮಾಯಣ’ಕ್ಕೆ ಭಾನುವಾರ ಬೆಳಿಗ್ಗೆ ಟಿವಿ ಇದ್ದ ಮನೆಯ ಪಡಸಾಲೆ ತುಂಬುತ್ತಿತ್ತು. ಮಾತು ತಿಳಿಯದಿದ್ದರೂ ಕತೆ ತಿಳಿಯುತ್ತಿತ್ತು, ಏಕೆಂದರೆ ಬಯಲಾಟ ಅದನ್ನು ಮೊದಲೇ ಕಲಿಸಿತ್ತು. ವಾರ್ತೆಗೆ, ಕೃಷಿ ಮಾಹಿತಿಗೆ ಆ ಆಸರೆ ಇರಲಿಲ್ಲ. ರೈತನಿಗೆ ನಿಜಕ್ಕೂ ಬೇಕಾದದ್ದೇ ಅರ್ಥವಾಗದೆ ಹೋಯಿತು.

ತೊಂಬತ್ತರ ದಶಕದಲ್ಲಿ ಡಿಶ್, ಕೇಬಲ್ ಬಂದವು. 1994ರಲ್ಲಿ ಉದಯ ಟಿವಿ ಶುರುವಾಯಿತು. ಮಾಳಿಗೆಯ ಪೈಪುಗಳು ಒಂದೊಂದಾಗಿ ಗುಜರಿ ಸೇರಿದವು.

ಆ ದಿನಗಳ ರಿಪೇರಿಯವರು, ಪೈಪು ತಿರುಗಿಸಿದವರು ಈ ಊರುಗಳಲ್ಲಿ ಇನ್ನೂ ಇದ್ದಾರೆ. ಓದುಗರೇ, ನಿಮ್ಮ ಓಣಿಗೆ ಮೊದಲ ಟಿವಿ ಬಂದದ್ದು ಯಾವ ವರ್ಷ, ಅದರಲ್ಲಿ ಮೊದಲು ಕನ್ನಡ ಕೇಳಿದ್ದು ಯಾವಾಗ ಎಂದು ಅವರನ್ನು ಕೇಳಿ ಬರೆದಿಡಿ.