ಬನಗಾಂವ್‌ನ ಉಪ್ಪುನೀರು

ಕೂಸುಗಳ ವಾಂತಿಭೇದಿಗೆ ಚಿಕಿತ್ಸೆಯೆಂದರೆ ಬಹುಕಾಲದವರೆಗೆ ಅವುಗಳಿಗೆ ನೀರನ್ನು ನಿರಾಕರಿಸುವುದೇ ಆಗಿದ್ದಿತು. ಕುಡಿಸಿದುದೆಲ್ಲ ಭೇದಿಯಾಗಿ ಹೋಗುವುದನ್ನು ಕಣ್ಣಾರೆ ಕಂಡ ತಾಯಿ ಲೋಟವನ್ನು ದೂರವಿರಿಸುತ್ತಿದ್ದಳು. ಕರುಳಿಗೆ ವಿಶ್ರಾಂತಿ ಬೇಕೆಂದು ನಂಬಿದ ವೈದ್ಯನೂ ಲಂಘನವನ್ನೇ ವಿಧಿಸುತ್ತಿದ್ದನು. ನೆತ್ತಿ ಕುಳಿಬಿದ್ದು, ಕಣ್ಣು ಗುಳಿಗಿಳಿದು, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಹಾಗೆಯೇ ನಿಲ್ಲುತ್ತಿದ್ದ ಆ ಶಿಶುಗಳ ಪ್ರಾಣವನ್ನು ಬಹುತೇಕ ಒಯ್ದದ್ದು ದೇಹದ ನೀರೂ ಲವಣವೂ ಬತ್ತಿದ ಸ್ಥಿತಿ. ರಕ್ತಭೇದಿಯಂಥ ಕೆಲವು ಸೋಂಕುಗಳಿಗೆ ರೋಗಾಣುನಾಶಕ ಔಷಧವೂ ಬೇಕೆಂಬುದು ನಿಜ. ಆದರೂ ವಾಂತಿಭೇದಿಯ ಚಿಕಿತ್ಸೆಯ ಇತಿಹಾಸವನ್ನು ಅಂಥ ಔಷಧಗಳ ಇತಿಹಾಸವೆಂದು ಬರೆಯುವುದು ನನಗೆ ಸರಿತೋರುವುದಿಲ್ಲ.

1832ರಲ್ಲಿಯೇ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ಥಾಮಸ್ ಲಟ್ಟಾ ಎಂಬ ವೈದ್ಯನು ಕಾಲರಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರನ್ನು ಹಾಯಿಸಿದ್ದನು. ಮಾರ್ಗ ಸರಿಯಾದುದೇ, ಆದರೆ ಅದಕ್ಕೆ ಸೂಜಿ, ಶುದ್ಧ ದ್ರಾವಣ, ಪಳಗಿದ ಕೈ ಇವೆಲ್ಲ ಬೇಕು, ಬಡವರ ಹಟ್ಟಿಗಳಲ್ಲಿ ಇವೊಂದೂ ಇರವು. 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಅವರು ಕಾಲರಾ ರೋಗಾಣುಗಳನ್ನು ಸೋಸಿ ತೆಗೆದ ದ್ರವವನ್ನು ಮೊಲದ ಕರುಳಿನ ಕಟ್ಟಿದ ಭಾಗಕ್ಕೆ ಸೇರಿಸಿ, ಅದು ನೀರು ತುಂಬಿ ಉಬ್ಬಿದುದನ್ನು ತೋರಿಸಿದರು: ಕರುಳಿನಿಂದ ನೀರನ್ನು ಸುರಿಸುತ್ತಿದ್ದುದು ರೋಗಾಣುವಿನ ವಿಷ. ಮರುವರ್ಷ ರಾಬರ್ಟ್ ಕ್ರೇನ್ ಅವರು, ಗ್ಲೂಕೋಸೂ ಸೋಡಿಯಮ್ಮೂ ಜೊತೆಗೂಡಿ ಕರುಳಿನ ಗೋಡೆಯನ್ನು ದಾಟುವುವೆಂದು ವಿವರಿಸಿದರು. ವಿಷ ತಗುಲಿದ ಕರುಳಿನಲ್ಲಿಯೂ ಈ ದಾರಿ ಮುಚ್ಚದು, ಅವೆರಡರ ಹಿಂದೆ ನೀರೂ ಒಳಸೇರುವುದು. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನೇಲಿನ್, ರಿಚರ್ಡ್ ಕ್ಯಾಶ್ ಮತ್ತು ಅವರ ಸಹೋದ್ಯೋಗಿಗಳು ಗ್ಲೂಕೋಸೂ ಉಪ್ಪೂ ಬೆರೆತ ನೀರನ್ನು ಕುಡಿಸಿ ಇದನ್ನು ರೋಗಿಗಳಲ್ಲಿ ಸಾಬೀತುಪಡಿಸಿದರು.

ಆದರೆ ವೈದ್ಯರ ನಿಗಾದಲ್ಲಿ ಫಲಿಸಿದುದು ಜನಸಂದಣಿಯಲ್ಲಿ ಫಲಿಸೀತೇ? ಉತ್ತರ 1971ರಲ್ಲಿ ದೊರೆಯಿತು. ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷಗಟ್ಟಲೆ ಗಡಿ ದಾಟಿ ಬಂದಾಗ, ಗಡಿಯ ಈಚೆಗಿನ ಬನಗಾಂವ್‌ನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆ ವಾಂತಿ-ಭೇದಿಗಳ ನಡುವೆ ಮಲಗಿದ್ದರು. ರಕ್ತನಾಳಕ್ಕೆ ಕೊಡುವ ದ್ರಾವಣ ಸಾಲದೆಹೋಯಿತು. ಅಲ್ಲಿ ಚಿಕಿತ್ಸೆಯ ಹೊಣೆ ಹೊತ್ತಿದ್ದ ಡಾ. ದಿಲೀಪ್ ಮಹಲಾನಬಿಸ್ ಅವರು ಆಗ ಕಲ್ಕತ್ತೆಯಲ್ಲಿ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಅಡುಗೆಯ ಉಪ್ಪು, 2.5 ಗ್ರಾಂ ಅಡುಗೆ ಸೋಡ ಇವುಗಳನ್ನು ತೂಗಿಸಿ ಪೊಟ್ಟಣ ಕಟ್ಟಿಸಿದರು. ಒಂದು ಲೀಟರು ನೀರಿಗೆ ಆ ಪ್ರಮಾಣ. ನಲ್ಲಿಯುಳ್ಳ ಪೀಪಾಯಿಗಳಲ್ಲಿ ಕಲಸಿಟ್ಟ ಆ ನೀರನ್ನು ತಾಯಂದಿರೂ ಬಂಧುಗಳೂ ಹಿಡಿದು ತಂದು ತಾವೇ ಕುಡಿಸಿದರು. ಶಿಬಿರಗಳಲ್ಲಿ ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಕಾಲರಾ ಮರಣ ಇಲ್ಲಿ ಶೇಕಡ 3.6ಕ್ಕೆ ಇಳಿಯಿತು. ಇಂಥವರಿಗೆ ಪದ್ಮವಿಭೂಷಣ ಸಂದದ್ದು 2023ರಲ್ಲಿ, ಅವರು ಕಣ್ಮುಚ್ಚಿದ ಮೇಲೆ. ಈ ವಿಳಂಬ ನನ್ನ ಮನಸ್ಸನ್ನು ಇಂದಿಗೂ ನೋಯಿಸುತ್ತದೆ.

ಪೊಟ್ಟಣವೂ ತಲಪದ ಹಳ್ಳಿಗಳಿದ್ದವು. 1980ರಿಂದ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಕಾರ್ಯಕರ್ತೆಯರು ಮನೆಮನೆಗೆ ನಡೆದು ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂಬ ಅಳತೆಯನ್ನು ತಾಯಂದಿರ ಕೈಗೇ ಕಲಿಸಿದರು. ಹತ್ತು ವರ್ಷಗಳಲ್ಲಿ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳನ್ನು ಮುಟ್ಟಿದರು. ತರುವಾಯ ಪರೀಕ್ಷಕರು ಕೆಲವು ಮನೆಗಳಿಗೆ ಹೋಗಿ, ತಾಯಿಗೆ ಎಷ್ಟು ನೆನಪಿದೆಯೆಂದೂ ಆಕೆ ಕಲಸಿದ ನೀರಿನಲ್ಲಿ ಉಪ್ಪು ಹದವಾಗಿದೆಯೇ ಎಂದೂ ನೋಡುತ್ತಿದ್ದರು. ಕಲಿಸಿದವಳ ಸಂಬಳ ಆ ನೆನಪನ್ನು ಅವಲಂಬಿಸಿತ್ತು. ಈ ಸಂಬಳದ ಕ್ರಮವನ್ನು ನಾನು ಮೊಲದ ಕರುಳಿನಲ್ಲಿ ಕಂಡ ಶೋಧದ ಸಾಲಿನಲ್ಲಿಯೇ ಇರಿಸುತ್ತೇನೆ.