ಕಾರಿನ ಹಿಂದೊಂದು ಮನೆ, ಆ ಮನೆಯ ಹಿಂದೊಂದು ದೀಪ

ವಾಸದ ಮನೆಯನ್ನೇ ಗಾಡಿಯ ಮೇಲೇರಿಸಿಕೊಂಡು ವಿಹಾರಕ್ಕಾಗಿ ಊರೂರು ಸುತ್ತುವ ಹವ್ಯಾಸ ಇಂಗ್ಲೆಂಡಿನಲ್ಲಿ ಕುದುರೆಗಳ ಕಾಲದಲ್ಲಿಯೇ ಮೊದಲಾಯಿತು. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯ-ಲೇಖಕರು ‘ವಾಂಡರರ್’ ಎಂಬ ಬಂಡಿಯನ್ನು ಮಾಡಿಸಿಕೊಂಡು, ಎರಡು ಕುದುರೆಗಳನ್ನು ಹೂಡಿ, ದೇಶಸಂಚಾರ ಮಾಡಿದರು. ಮೊದಲನೆಯ ಮಹಾಯುದ್ಧ ಮುಗಿದ ಬಳಿಕ, 1919ರಲ್ಲಿ, ಬರ್ಮಿಂಗ್‌ಹ್ಯಾಮಿನ ಎಕಲ್ಸ್ ಸಂಸ್ಥೆಯು ಕಾರು ಎಳೆಯಬಲ್ಲ ಕ್ಯಾರವಾನ್‌ಗಳನ್ನು ತಯಾರಿಸತೊಡಗಿತು. ಅಮೆರಿಕದಲ್ಲಿ ವಾಲಿ ಬಯಾಮ್ ಅವರ ಅಲ್ಯೂಮಿನಿಯಂ ಮೈಯ ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ 1936ರಲ್ಲಿ ಬಂದಿತು. ಇವುಗಳ ಹಾಸಿಗೆ, ಒಲೆ, ಮಡಚುವ ಮೇಜುಗಳ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ಕಾರಿನಿಂದ ಟ್ರೇಲರಿಗೆ ಹಾಯ್ದ ನಾಲ್ಕಾರು ತಂತಿಗಳ ಚರಿತ್ರೆಯನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸಿಲ್ಲ. ನನ್ನಂಥ ವಿಜ್ಞಾನದ ಮೇಷ್ಟರಿಗೆ ರುಚಿಸುವುದು ಅದೇ.

ಸಮಸ್ಯೆ ಸರಳವಾದದ್ದು. ಕಾರಿನ ಹಿಂದೆ ಒಂದು ಪೆಟ್ಟಿಗೆಯಂಥ ಮನೆ ನಿಂತೊಡನೆ ಕಾರಿನ ಸ್ವಂತ ದೀಪಗಳು ಮರೆಯಾಗುತ್ತವೆ. ಚಾಲಕನು ಕೈ ಹೊರಚಾಚಿ ಸನ್ನೆ ಮಾಡಿದರೂ ಹಿಂದಿನವನಿಗೆ ಕಾಣಿಸದು. ಮುಂದಿನ ಗಾಡಿ ನಿಲ್ಲುತ್ತದೆಯೋ, ತಿರುಗುತ್ತದೆಯೋ ಎಂಬುದನ್ನು ಹಿಂದೆ ಬರುವ ಅಪರಿಚಿತನಿಗೆ ಇನ್ನು ಟ್ರೇಲರೇ ತಿಳಿಸಬೇಕು. ಅವನ ಸಂಸಾರದ ಕ್ಷೇಮವೂ ಈ ತಂತಿಗಳನ್ನೇ ನೆಚ್ಚಿಕೊಂಡಿರುತ್ತದೆ.

ಮೊದಲ ತೊಡಕು ವೋಲ್ಟೇಜಿನದು. 1950ರ ದಶಕದ ನಡುಭಾಗದವರೆಗೆ ಅಮೆರಿಕದ ಬಹುಪಾಲು ಕಾರುಗಳದು 6 ವೋಲ್ಟಿನ ಬ್ಯಾಟರಿ. ಹಲಗೆಯ ಮೇಲೆ ನಾವು ಬಿಡಿಸುತ್ತಿದ್ದ ಓಮನ ನಿಯಮದ ಲೆಕ್ಕಗಳನ್ನು ಸ್ವಲ್ಪ ನೆನಪಿಸಿಕೊಳ್ಳಿ. 21 ವ್ಯಾಟಿನ ಬಲ್ಬಿಗೆ 6 ವೋಲ್ಟಿನಲ್ಲಿ 3.5 ಆಂಪಿಯರ್ ವಿದ್ಯುತ್ ಬೇಕು. 12 ವೋಲ್ಟಿನಲ್ಲಾದರೆ 1.75 ಸಾಕು. ಟ್ರೇಲರಿನ ತುದಿಯವರೆಗೆ ಓಡಿದ ತಂತಿಯ ರೋಧ 0.2 ಓಮ್ ಎಂದಿಟ್ಟುಕೊಂಡರೆ, ಮೊದಲನೆಯದರಲ್ಲಿ ಸುಮಾರು ನೂರಕ್ಕೆ 12 ಪಾಲು ವೋಲ್ಟೇಜು ದಾರಿಯಲ್ಲೇ ಸೋರಿಹೋಗುತ್ತದೆ, ಎರಡನೆಯದರಲ್ಲಿ ನೂರಕ್ಕೆ 3 ಮಾತ್ರ. ದೀಪದ ಬೆಳಕು ಇದಕ್ಕಿಂತಲೂ ಹೆಚ್ಚಿನ ಪ್ರಮಾಣದಲ್ಲಿ ಕುಗ್ಗುತ್ತದೆ. 12 ವೋಲ್ಟಿನ ಪದ್ಧತಿ ಬಂದದ್ದು ಟ್ರೇಲರಿಗಾಗಿ ಅಲ್ಲ, ದೊಡ್ಡ ಎಂಜಿನ್ನುಗಳನ್ನು ತಿರುಗಿಸಲು. ಆದರೂ ಅದರ ಲಾಭ ಇವಕ್ಕೂ ದೊರೆಯಿತು.

ನಿಜವಾದ ಕವಲು ಬಂದದ್ದು ಇಂಡಿಕೇಟರ್ ದೀಪದ ವಿಷಯದಲ್ಲಿ. 1939ರಲ್ಲಿ ಬ್ಯೂಕ್ ಕಾರುಗಳಲ್ಲಿ ಮಿನುಗುವ ತಿರುವುದೀಪ ಬಂದಿತು. (ಹಳೆಯ ಮಾರಿಸ್ ಮೈನರ್ ಕಾರಿನ ಪಕ್ಕದಿಂದ ಪುಟ್ಟ ಕೈಯಂತೆ ಹೊರಚಿಮ್ಮುತ್ತಿದ್ದ ಸೂಚಕವನ್ನು ಹಿರಿಯರು ಕಂಡಿರಬಹುದು.) ಅಮೆರಿಕದವರು ಮಿತವ್ಯಯದ ಒಂದು ಹಾದಿ ಹಿಡಿದರು: ಹಿಂದಿನ ಒಂದೇ ಕೆಂಪು ದೀಪ ಬ್ರೇಕನ್ನೂ ತಿರುವನ್ನೂ ಸೂಚಿಸಲಿ. ಸ್ಟೀರಿಂಗ್ ಬಳಿಯ ಸನ್ನೆಕೋಲನ್ನು ಎಡಕ್ಕೆ ಸರಿಸಿದರೆ ಎಡದೀಪವು ಬ್ರೇಕಿನ ತಂತಿಯಿಂದ ಬಿಡಿಸಿಕೊಂಡು ಫ್ಲಾಷರಿಗೆ ಸೇರುತ್ತದೆ. ಬಲದೀಪ ಬ್ರೇಕಿನಲ್ಲೇ ಉಳಿಯುತ್ತದೆ. ಆದ್ದರಿಂದ ಅವರ ಚಿಕ್ಕ ಟ್ರೇಲರುಗಳಿಗೆ ನಾಲ್ಕೇ ತಂತಿ ಸಾಕಾದವು: ಹಿಂದೀಪಕ್ಕೆ ಕಂದು, ಎಡಕ್ಕೆ ಹಳದಿ, ಬಲಕ್ಕೆ ಹಸಿರು, ಅರ್ತಿಗೆ ಬಿಳಿ. ಯೂರೋಪಿನವರು ತಿರುವಿಗೆ ಕಿತ್ತಳೆ ಬಣ್ಣದ ಪ್ರತ್ಯೇಕ ದೀಪವೇ ಇರಬೇಕೆಂದರು. ಅಲ್ಲಿ ‘12ಎನ್’ ಎಂಬ ಏಳು ಪಿನ್ನಿನ ಸಾಕೆಟ್ಟು ರೂಢಿಗೆ ಬಂದು, ಕ್ಯಾರವಾನಿನ ಒಳಗಿನ ಫ್ರಿಜ್ಜು, ಬ್ಯಾಟರಿಗಳಿಗೆಂದು ‘12ಎಸ್’ ಎಂಬ ಮತ್ತೊಂದು ಜೊತೆಗೂಡಿತು. ಮುಂದೆ ಎರಡನ್ನೂ ಒಂದುಗೂಡಿಸಿ ಹದಿಮೂರು ಪಿನ್ನಿನದು ಬಂದಿತು. ನನ್ನ ಅಭಿಪ್ರಾಯ ಕೇಳಿದರೆ, ಯೂರೋಪಿನ ಕ್ರಮವೇ ಮೇಲು. ಒಂದೇ ದೀಪದಿಂದ ಎರಡು ಮಾತಾಡಿಸಿದರೆ ಹಿಂದಿನವನು ಅರ್ಥವನ್ನು ಊಹಿಸಬೇಕಾಗುತ್ತದೆ.

ಜಪಾನಿನ ಕಾರುಗಳು ಅಮೆರಿಕದ ಮನೆಗಳನ್ನು ಹೊಕ್ಕಾಗ ಈ ಎರಡು ಕ್ರಮಗಳು ಮುಖಾಮುಖಿಯಾದವು. ಅವುಗಳಲ್ಲಿ ಅನೇಕಕ್ಕೆ ಬ್ರೇಕ್, ಎಡ, ಬಲ ಎಂದು ಮೂರು ಬೇರೆ ತಂತಿಗಳು, ಟ್ರೇಲರಿಗೋ ಎರಡೇ. ಬ್ರೇಕಿನ ತಂತಿಯನ್ನು ಇಂಡಿಕೇಟರಿನ ತಂತಿಗಳಿಗೆ ಸುಮ್ಮನೆ ಹೆಣೆದುಬಿಟ್ಟರೆ, ಬ್ರೇಕ್ ತುಳಿದಾಗ ವಿದ್ಯುತ್ತು ಹಿಮ್ಮುಖವಾಗಿ ಹರಿದು ಕಾರಿನ ಮುಂದಿನ ಇಂಡಿಕೇಟರುಗಳೂ ಹೊತ್ತಿಕೊಳ್ಳುತ್ತವೆ! ‘ಇಂಡಿಕೇಟರ್ ಮಿನುಗುತ್ತಿದ್ದರೆ ಅದನ್ನೇ ಕಳಿಸು, ಇಲ್ಲವಾದರೆ ಬ್ರೇಕನ್ನು ಕಳಿಸು’ ಎಂದು ತೀರ್ಮಾನಿಸುವ ಕನ್ವರ್ಟರ್ ಎಂಬ ಅಂಗೈಯಗಲದ ಪೆಟ್ಟಿಗೆ ಹುಟ್ಟಿದ್ದು ಹೀಗೆ. ಹಳೆಯ ಫ್ಲಾಷರಿನದು ಇನ್ನೊಂದು ರಗಳೆ. ಅದರೊಳಗಿನ ಲೋಹದ ಪಟ್ಟಿ ವಿದ್ಯುತ್ತಿನಿಂದ ಕಾದು ಬಾಗುತ್ತಿತ್ತು. ಟ್ರೇಲರಿನ ಬಲ್ಬು ಹೆಚ್ಚಿದರೆ ಬೇಗ ಕಾದು ದೀಪ ಅವಸರವಸರವಾಗಿ ಮಿನುಗುತ್ತಿತ್ತು. ಭಾರಿ ಫ್ಲಾಷರ್ ಹಾಕಿದರೆ ವೇಗ ಸರಿಹೋಗುತ್ತಿತ್ತು, ಆದರೆ ಬಲ್ಬು ಸುಟ್ಟುಹೋದ ಸುಳಿವು ಮಾತ್ರ ಚಾಲಕನಿಗೆ ಸಿಗುತ್ತಿರಲಿಲ್ಲ.

ಟ್ರೇಲರ್ ಭಾರವಾದಂತೆ ಅದಕ್ಕೂ ಬ್ರೇಕು ಬೇಕಾಯಿತು. ಆರ್ಥರ್ ವಾರ್ನರ್ ಅವರು ಕಟ್ಟಿದ ಸಂಸ್ಥೆ 1920ರ ದಶಕದ ಕೊನೆಗೇ ವಿದ್ಯುತ್ ಬ್ರೇಕನ್ನು ಬೆಳೆಸಿತು. ಚಕ್ರದೊಳಗಿನ ವಿದ್ಯುತ್ಕಾಂತವು ಡ್ರಮ್ಮಿಗೆ ಅಂಟಿ, ಸನ್ನೆಯನ್ನು ಎಳೆದು, ಬ್ರೇಕ್ ಹಿಡಿಸುತ್ತದೆ. ಕಾರಿನೊಳಗಿನ ಅದರ ನಿಯಂತ್ರಕವನ್ನು ಬಹುಕಾಲ ಕಾರಿನ ಬ್ರೇಕ್ ಎಣ್ಣೆಯ ಕೊಳವೆಗೇ ಜೋಡಿಸುತ್ತಿದ್ದರು. ಚಕ್ರ ಜಾರದಂತೆ ತಡೆಯುವ ಎಬಿಎಸ್ ಬಂದ ಮೇಲೆ ಆ ಕೊಳವೆಯನ್ನು ಮುಟ್ಟುವುದು ಸಲ್ಲದಾಯಿತು. ಈಗಿನವು ಬ್ರೇಕ್ ದೀಪದ ತಂತಿಯಿಂದ ಸುಳಿವು ಪಡೆದು, ಕಾರು ಎಷ್ಟು ರಭಸದಿಂದ ನಿಧಾನಿಸುತ್ತಿದೆ ಎಂದು ತಾವೇ ಅಳೆದು, ನೀಲಿ ತಂತಿಯ ಮೂಲಕ ವಿದ್ಯುತ್ ಕಳುಹಿಸುತ್ತವೆ.

ಹೊರದೇಶದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಹೊಸ ಕಾರಿನ ತಂತಿಯನ್ನು ಕತ್ತರಿಸಿ ತಾನೇ ಜೋಡಿಸಬಹುದೇ ಎಂದು ಪತ್ರದಲ್ಲಿ ಕೇಳಿದ್ದ. ಹಳೆಯ ಕಾರಾದರೆ ಆದೀತು. ಈಗಿನ ಕಾರಿನ ಕಂಪ್ಯೂಟರು ಪ್ರತಿ ಬಲ್ಬಿನ ಆರೋಗ್ಯವನ್ನೂ ಪರೀಕ್ಷಿಸುತ್ತಿರುತ್ತದೆ. ಅದಕ್ಕೆಂದು ಆಗಾಗ ಕಳುಹಿಸುವ ಕಿರುಮಿಡಿತಗಳಿಂದ ಟ್ರೇಲರಿನ ಎಲ್‌ಇಡಿ ದೀಪಗಳು ಸುಮ್ಮಸುಮ್ಮನೆ ಮಿಣುಕುವುದುಂಟು. ಬ್ಯಾಟರಿಯಿಂದಲೇ ನೇರವಾಗಿ, ಫ್ಯೂಸಿನ ಮೂಲಕ, ಶಕ್ತಿ ಪಡೆದು, ಕಾರಿನ ದೀಪತಂತಿಗಳಿಂದ ಕೇವಲ ಸೂಚನೆ ಪಡೆಯುವ ಘಟಕವೇ ಕ್ಷೇಮ ಎಂದು ಉತ್ತರಿಸಿದೆ. ಆ ಕಾರಿಗೆಂದೇ ತಯಾರಕರು ಒದಗಿಸುವ ಜೋಡಣೆ ಸಿಕ್ಕರೆ ಇನ್ನೂ ಒಳ್ಳೆಯದು.

ಬಿಳಿಯ ತಂತಿಯ ಬಗ್ಗೆಯೂ ಅವನಿಗೆ ಬರೆದೆ. ಕಾರನ್ನೂ ಟ್ರೇಲರನ್ನೂ ಕೂಡಿಸುವ ಕಬ್ಬಿಣದ ಗುಂಡೇ ಅರ್ತ್ ಆದೀತೆಂದು ಹಿಂದೆ ಅನೇಕರು ಅದನ್ನು ಉಳಿಸಿಬಿಡುತ್ತಿದ್ದರು. ಗುಂಡಿಗೆ ಗ್ರೀಸು, ತುಕ್ಕು ಹಿಡಿದೊಡನೆ ವಿದ್ಯುತ್ತು ಮರಳುವ ದಾರಿ ಕಾಣದೆ ಬೇರೆ ಬಲ್ಬುಗಳ ಮೂಲಕ ನುಸುಳುತ್ತದೆ. ಎಡಕ್ಕೆ ಸೂಚನೆ ಕೊಟ್ಟರೆ ಬಲದೀಪವೂ ಮಂಕಾಗಿ ಉರಿಯುತ್ತದೆ. ಹಾಗೆ ಕಂಡಾಗ ಬಲ್ಬು ಬದಲಿಸುವ ಮೊದಲು, ಆ ತಂತಿಯ ತುದಿಯನ್ನು ಉಜ್ಜುಕಾಗದದಿಂದ ಉಜ್ಜಿ, ಹೊಳೆಯುವ ಲೋಹಕ್ಕೆ ಬಿಗಿಯಾಗಿ ತಿರುಪು ಹಾಕಿ ನೋಡಬೇಕು.